ಕಂಟ್ರೋಲ್ ಲೈನಿನ ದೋಷ: ಪೆಟ್ಟಿಗೆ ಬದಲಿಸುವ ಮೊದಲು ತಂತಿ ನೋಡಿ

ಈಚಿನ ವರ್ಷಗಳಲ್ಲಿ ನಮ್ಮ ಸದಸ್ಯರಲ್ಲಿ ಹಲವರ ಪಂಪ್‌ಶೆಡ್ಡಿನ ರೂಪ ಬದಲಾಗಿದೆ. ಹಿಂದೆ ಒಂದು ಮೈನ್ ಸ್ವಿಚ್, ಒಂದು ಸ್ಟಾರ್ಟರ್, ಮೂರು ಫ್ಯೂಸ್ ಇಷ್ಟೇ ಇದ್ದ ಗೋಡೆಯ ಮೇಲೆ ಈಗ ಅಂಕಿ ತೋರಿಸುವ ಪ್ಯಾನೆಲ್ ಕುಳಿತಿದೆ. ಗುಡ್ಡದ ಮೇಲಿನ ಟ್ಯಾಂಕಿಯಲ್ಲಿ ನೀರು ಎಷ್ಟಿದೆ, ಹೊಳೆಬದಿಯ ಮೋಟಾರು ಎಷ್ಟು ಆಂಪಿಯರ್ ಎಳೆಯುತ್ತಿದೆ, ಡ್ರೈಯರಿನೊಳಗೆ ಶಾಖ ಎಷ್ಟಿದೆ ಎಂಬ ಸುದ್ದಿಯೆಲ್ಲ ತೆಳ್ಳನೆಯ ಎರಡು ತಂತಿಗಳ ಮೂಲಕ ಬಂದು ಅಲ್ಲಿ ಸೇರುತ್ತದೆ. ನಡೆಯುವಷ್ಟು ದಿನ ಬಲು ಸುಖ. ರಾತ್ರಿ ಎರಡು ಗಂಟೆಗೆ ಮೂರು ಫೇಸ್ ಬಂದರೂ ಟಾರ್ಚು ಹಿಡಿದು ಹಾವು ಹಂದಿಯ ಭಯದಲ್ಲಿ ಹೊಳೆಗೆ ಇಳಿಯಬೇಕಾಗಿಲ್ಲ. ಆದರೆ ಒಂದು ಬೆಳಿಗ್ಗೆ ಅಂಕಿಯ ಜಾಗದಲ್ಲಿ ‘ಕಮ್ಯುನಿಕೇಶನ್ ಫೇಲ್’ ಎಂದು ಮೂಡಿತೆಂದರೆ, ಮೋಟಾರು ನೆಟ್ಟಗಿದ್ದೂ, ಹೊಳೆಯಲ್ಲಿ ನೀರಿದ್ದೂ, ಕರೆಂಟಿದ್ದೂ ತೋಟಕ್ಕೆ ನೀರಿಲ್ಲ.

ಇಂಥ ಸಮಯದಲ್ಲಿ ನಾವು ಸಾಮಾನ್ಯವಾಗಿ ಮಾಡುವುದು ಒಂದೇ ಕೆಲಸ. ಪೇಟೆಗೆ ಫೋನು ಮಾಡುತ್ತೇವೆ. ಬಂದವರು ಪೆಟ್ಟಿಗೆ ಹೋಗಿದೆ ಎನ್ನುತ್ತಾರೆ, ಹೊಸದು ಹಾಕುತ್ತಾರೆ, ಹಣ ಪಡೆದು ಹೋಗುತ್ತಾರೆ. ನಾನೂ ಹಾಗೆಯೇ ಮಾಡಿ ಕೈಸುಟ್ಟುಕೊಂಡವನು. ಆ ಕಥೆಯನ್ನು ಮೊದಲು ಹೇಳುತ್ತೇನೆ. ತರುವಾಯ ಈ ಲೈನು ಹೇಗೆ ಕೆಲಸ ಮಾಡುತ್ತದೆ, ದೋಷವನ್ನು ಹುಡುಕುವುದು ಹೇಗೆ ಎಂಬುದನ್ನು ನೋಡೋಣ.

ನಮ್ಮದು ಮೂರು ಮನೆಯವರು ಕೂಡಿ ನಡೆಸುವ ಪಂಪು. ಹೊಳೆಯಿಂದ ಗುಡ್ಡದ ಟ್ಯಾಂಕಿಗೆ ಸುಮಾರು 400 ಮೀಟರ್. ಟ್ಯಾಂಕಿಯ ಪಕ್ಕದಲ್ಲಿ ನೀರಿನ ಮಟ್ಟ ಅಳೆಯುವ ಒಂದು ಪೆಟ್ಟಿಗೆ ಇದೆ, ಅದಕ್ಕೆ ಸಣ್ಣ ಸೋಲಾರ್ ಹಲಗೆ ಮತ್ತು ಬ್ಯಾಟರಿ. ಅಲ್ಲಿಂದ ಪ್ಯಾನೆಲಿಗೆ ನೆಲದಡಿ ಎರಡು ತಂತಿಯ ಕೇಬಲ್. ಮಟ್ಟದ ಸುದ್ದಿ ಬಾರದಿದ್ದರೆ ಪ್ಯಾನೆಲ್ ಮೋಟಾರನ್ನು ನಿಲ್ಲಿಸಿಬಿಡುತ್ತದೆ. ಟ್ಯಾಂಕಿ ಉಕ್ಕಿ ಧರೆ ಕುಸಿಯಬಾರದೆಂದು ಹಾಗೆ ಇಟ್ಟಿರುವುದು, ಅದು ಸರಿಯೇ. ಎರಡು ವರ್ಷದ ಹಿಂದೆ ಫೆಬ್ರವರಿ ಕೊನೆಯಲ್ಲಿ, ರೊಬಸ್ಟಾಕ್ಕೆ ಹೂವಿನ ನೀರು ಕೊಡುತ್ತಿದ್ದಾಗ ಈ ಲೈನು ಕೆಟ್ಟಿತು. ಬಂದವರು ಟ್ಯಾಂಕಿಯ ಪೆಟ್ಟಿಗೆ ಸತ್ತಿದೆ ಎಂದರು. ಒಂದು ಚೀಲ ಕಾಫಿಯ ಹಣ ಕೊಟ್ಟು ಹೊಸದು ಹಾಕಿಸಿದೆವು. ಕೂಡಲೆ ಅಂಕಿ ಬಂತು, ಎಲ್ಲರಿಗೂ ಸಮಾಧಾನವಾಯಿತು. ನಾಲ್ಕನೆಯ ರಾತ್ರಿ ಪುನಃ ಅದೇ ಎರಡು ಶಬ್ದ. ಮರುದಿನ ಮಧ್ಯಾಹ್ನದ ಹೊತ್ತಿಗೆ ಯಾರೂ ಮುಟ್ಟದೆಯೇ ತಾನಾಗಿ ಸರಿಹೋಯಿತು. ಹೀಗೆ ಎರಡು ವಾರ ಹೋಗಿಬರುವ ಆಟ. ಹೂವಿನ ನೀರಿನ ಹಿಂದೆ ಕೊಡಬೇಕಾದ ಬ್ಯಾಕಿಂಗ್ ನೀರು ಮೇಲಿನ ಒಂದು ಎಕರೆಗೆ ಹೊತ್ತಿಗೆ ಸರಿಯಾಗಿ ಸಿಗಲಿಲ್ಲ. ಅದರ ಫಲ ಏನೆಂದು ಕಾಫಿ ಬೆಳೆದವರಿಗೆ ನಾನು ವಿವರಿಸಬೇಕಾಗಿಲ್ಲ. ಆ ವರ್ಷ ಆ ಎಕರೆಯ ಗಿಡಗಳಲ್ಲಿ ಗೊಂಚಲು ಅರ್ಧಕ್ಕರ್ಧ ಖಾಲಿ.

ಕೊನೆಗೆ ದೋಷ ಸಿಕ್ಕಿದ್ದು ಮೀಟರಿನಿಂದಲ್ಲ, ಕ್ಯಾಲೆಂಡರಿನಿಂದ. ಮನೆಯವಳು ಸ್ಪ್ರಿಂಕ್ಲರ್ ಯಾವ ದಿನ ಯಾವ ಪಟ್ಟಿಗೆ ಹೋಯಿತು ಎಂಬುದನ್ನು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವವಳು. ಲೈನು ಸತ್ತ ರಾತ್ರಿಗಳನ್ನು ನಾನು ಅದೇ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿದಾಗ ಅವಳೇ ಹೇಳಿದಳು, "ಸ್ಪ್ರಿಂಕ್ಲರ್ ಹಲಸಿನ ಮರದ ಪಟ್ಟಿಗೆ ಬಂದ ದಿನವೇ ಕೆಡ್ತದಲ್ಲ ಇದು." ನೋಡಿದರೆ ಹೌದು. ಆಗ ನೆನಪಾಯಿತು. ಅದಕ್ಕೂ ನಾಲ್ಕು ವರ್ಷ ಹಿಂದೆ ಮೆಣಸಿನ ಬಳ್ಳಿಗೆ ಗುಂಡಿ ತೆಗೆಯುವಾಗ ಹಾರೆ ತಾಗಿ ಅಲ್ಲಿ ಕೇಬಲ್ ತುಂಡಾಗಿತ್ತು. ಎರಡು ತಂತಿಯನ್ನೂ ಹೊಸೆದು, ಎರಡಕ್ಕೂ ಸೇರಿಸಿ ಒಂದೇ ಟೇಪು ಸುತ್ತಿ ಮಣ್ಣು ಮುಚ್ಚಿದವನು ನಾನೇ. ಅಗೆದು ನೋಡಿದೆ. ಟೇಪಿನೊಳಗೆ ನೀರು, ತಾಮ್ರ ಹಸಿರು ಕಿಲುಬು ಹಿಡಿದು ಎರಡು ತಂತಿಯ ನಡುವೆ ಪಾಚಿಯಂತೆ ಕೂತಿತ್ತು. ಮಣ್ಣು ನೆನೆದಾಗ ಆ ಕಿಲುಬಿನ ಮೂಲಕ ಒಂದು ತಂತಿಯ ಮಾತು ಇನ್ನೊಂದಕ್ಕೆ ಸೋರಿಹೋಗುತ್ತಿತ್ತು, ಒಣಗಿದಾಗ ಸರಿಯಾಗುತ್ತಿತ್ತು. ಆ ಜಾಯಿಂಟನ್ನು ಕತ್ತರಿಸಿ ಹೊಸದಾಗಿ ಮಾಡಿದ ಮೇಲೆ, ಅಟ್ಟದ ಮೇಲೆ ಇಟ್ಟಿದ್ದ ಹಳೆಯ ಪೆಟ್ಟಿಗೆಯನ್ನು ತಂದು ಜೋಡಿಸಿದೆ. ಅದು ಸರಿಯಾಗಿಯೇ ಮಾತಾಡಿತು. ಇಂದಿಗೂ ಅದೇ ಇದೆ.

ಹಾಗಿದ್ದರೆ ಹೊಸ ಪೆಟ್ಟಿಗೆ ಹಾಕಿದಾಗ ಮೂರು ದಿನ ಲೈನು ನಡೆದದ್ದು ಹೇಗೆ? ಆ ಮೂರು ದಿನ ಸ್ಪ್ರಿಂಕ್ಲರ್ ಬೇರೆ ಪಟ್ಟಿಯಲ್ಲಿತ್ತು, ಅಷ್ಟೆ. ಅನೇಕ ಕಡೆ ಇನ್ನೊಂದು ಕಾರಣವೂ ಇರುತ್ತದೆ. ಪೆಟ್ಟಿಗೆ ಬದಲಿಸುವಾಗ ತಂತಿಯ ತುದಿಯನ್ನು ಹೊಸದಾಗಿ ಸುಲಿದು ಸ್ಕ್ರೂ ಬಿಗಿ ಮಾಡುತ್ತಾರೆ. ಸಡಿಲವಾಗಿದ್ದದ್ದು ಆ ಸ್ಕ್ರೂವೇ ಆಗಿದ್ದರೆ ಗುಣ ಕಾಣುತ್ತದೆ, ಯಶಸ್ಸು ಮಾತ್ರ ಹೊಸ ಪೆಟ್ಟಿಗೆಗೆ ಹೋಗುತ್ತದೆ.

ಎರಡು ತಂತಿಯ ಮೇಲೆ ಮಾತು ಹೇಗೆ ನಡೆಯುತ್ತದೆ

ನಮ್ಮ ಪ್ಯಾನೆಲುಗಳಲ್ಲಿ ಹೆಚ್ಚಾಗಿ ಇರುವ ತಂತಿಯ ಪದ್ಧತಿಗೆ ಆರ್‌ಎಸ್-485 ಎಂದು ಹೆಸರು. ಅಮೆರಿಕದಲ್ಲಿ 1983ರಲ್ಲಿ ಇದಕ್ಕೆ ಮಾನಕ ಗೊತ್ತುಮಾಡಿದರು. ಆ ತಂತಿಯ ಮೇಲೆ ಆಡುವ ಭಾಷೆ ಮಾಡ್‌ಬಸ್. ಅದು ಇನ್ನೂ ಹಳೆಯದು. ಕಾರ್ಖಾನೆಗಳ ಕಂಟ್ರೋಲರುಗಳಿಗಾಗಿ ಮಾಡಿಕಾನ್ ಎಂಬ ಕಂಪೆನಿ 1979ರಲ್ಲಿ ಹೊರತಂದದ್ದು. ದೊಡ್ಡ ಕಾರ್ಖಾನೆಯಲ್ಲಿ ನೂರಾರು ಯಂತ್ರಗಳನ್ನು ಜೋಡಿಸುವ ಏರ್ಪಾಡೇ ನಮ್ಮ ಪಂಪ್‌ಶೆಡ್ಡಿಗೂ ಬಂದಿರುವುದರಿಂದ, ಅಲ್ಲಿನವರು ಕಲಿತ ಪಾಠಗಳು ನಮಗೂ ಹೊಂದುತ್ತವೆ.

ಇದರಲ್ಲಿ ಕೇಳುವವನು ಒಬ್ಬ, ಉತ್ತರ ಕೊಡುವವರು ಹಲವರು. ಪ್ಯಾನೆಲ್ ಕೇಳುತ್ತದೆ, ಉಳಿದವು ತಮ್ಮನ್ನು ಕರೆದಾಗ ಮಾತ್ರ ಬಾಯಿ ಬಿಡುತ್ತವೆ. ಪ್ರತಿಯೊಂದಕ್ಕೂ 1ರಿಂದ 247ರೊಳಗೆ ಒಂದು ನಂಬರು. "3ನೇ ನಂಬರಿನವನೇ, ನೀರು ಎಷ್ಟಿದೆ?" ಎಂದು ಪ್ಯಾನೆಲ್ ಕೇಳಿದರೆ 3ನೆಯದು ಮಾತ್ರ ಹೇಳಬೇಕು. ಪ್ರತಿ ವಾಕ್ಯದ ಕೊನೆಗೆ ಒಂದು ತಾಳೆಯ ಅಂಕಿ ಇರುತ್ತದೆ. ಕೊಯ್ಲಿನ ದಿನ ಲಾರಿಯ ಜೊತೆ ಚೀಟಿಯಲ್ಲಿ ಒಟ್ಟು ಚೀಲ ಬರೆದು ಕಳಿಸುತ್ತೇವಲ್ಲ, ಇಳಿಸುವಲ್ಲಿ ಎಣಿಕೆ ತಾಳೆಯಾಗದಿದ್ದರೆ ಲೋಡನ್ನೇ ಒಪ್ಪುವುದಿಲ್ಲ. ಹಾಗೆಯೇ ಇಲ್ಲಿ ದಾರಿಯಲ್ಲಿ ಒಂದು ಅಕ್ಷರ ಕೆಟ್ಟರೂ ವಾಕ್ಯವನ್ನು ಪೂರ್ತಿ ಎಸೆದುಬಿಡುತ್ತವೆ.

ಇದರಿಂದ ಒಂದು ಮುಖ್ಯ ವಿಷಯ ತಿಳಿಯುತ್ತದೆ. ತಂತಿ ಕೆಟ್ಟರೆ ಲೈನು ಸಾಮಾನ್ಯವಾಗಿ ಸುಳ್ಳು ಹೇಳುವುದಿಲ್ಲ, ಮೌನವಾಗುತ್ತದೆ. ಟ್ಯಾಂಕಿ ಖಾಲಿಯಿದ್ದೂ ಪ್ಯಾನೆಲ್ ಎರಡು ದಿನದಿಂದ ತುಂಬಿದೆ ಎಂದೇ ತೋರಿಸುತ್ತಿದ್ದರೆ ಅದು ಬಹುತೇಕ ಸೆನ್ಸರಿನ ದೋಷ, ಅಥವಾ ಹಿಂದಿನ ಅಂಕಿಯನ್ನೇ ಹಿಡಿದು ನಿಂತ ಪ್ಯಾನೆಲಿನ ದೋಷ. ಆಗ ತಂತಿ ಅಗೆಯಲು ಹೊರಡಬೇಡಿ.

ಎರಡು ತಂತಿಯನ್ನು ಹಗ್ಗದಂತೆ ಏಕೆ ಹೊಸೆದಿರುತ್ತಾರೆ ಎಂದು ಹಲವರು ಕೇಳಿದ್ದಾರೆ. ಟೆಲಿಫೋನ್ ಕಂಡುಹಿಡಿದ ಗ್ರಹಾಂ ಬೆಲ್ 1881ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಅಕ್ಕಪಕ್ಕದ ತಂತಿಗಳ ಗದ್ದಲ ಟೆಲಿಫೋನಿನಲ್ಲಿ ಕೇಳಿಸುತ್ತಿತ್ತು. ಎರಡು ತಂತಿಯನ್ನು ಒಂದಕ್ಕೊಂದು ಹೊಸೆದರೆ ಹೊರಗಿನ ಗದ್ದಲ ಎರಡರ ಮೇಲೂ ಸಮನಾಗಿ ಬೀಳುತ್ತದೆ. ಕೇಳುವ ಯಂತ್ರ ನೋಡುವುದು ಎರಡರ ನಡುವಣ ವ್ಯತ್ಯಾಸವನ್ನು ಮಾತ್ರ. ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ವ್ಯತ್ಯಾಸಕ್ಕೆ ಏನೂ ಆಗುವುದಿಲ್ಲ. ಈ ವ್ಯತ್ಯಾಸ 0.2 ವೋಲ್ಟ್ ಇದ್ದರೂ ಸಾಕು, ಸೊನ್ನೆಯೋ ಒಂದೋ ಎಂದು ಅದು ತಿಳಿದುಕೊಳ್ಳುತ್ತದೆ. ಹಾಗಾಗಿ ಮನೆಯಲ್ಲಿ ಬಿದ್ದಿದ್ದ ಎರಡು ಬಿಡಿ ವಯರನ್ನು ಎಳೆದು ಕೆಲಸ ಸಾಗಿಸುವುದು ಹತ್ತು ಮೀಟರಿಗೆ ನಡೆದೀತು, ತೋಟದ ಉದ್ದಕ್ಕೆ ನಡೆಯದು.

ಮೌನದ ಬಗೆ ಯಾವುದು?

ಡಾಕ್ಟರು ಜ್ವರ ಎಂದೊಡನೆ ಔಷಧಿ ಬರೆಯುವುದಿಲ್ಲ, ಯಾವಾಗಿನಿಂದ, ಹಗಲೋ ರಾತ್ರಿಯೋ ಎಂದು ಕೇಳುತ್ತಾರೆ. ಇಲ್ಲಿಯೂ ಮೊದಲು ಕೇಳಬೇಕಾದ್ದು ಅದನ್ನೇ.

ಲೈನಿನಲ್ಲಿ ಇರುವ ಎಲ್ಲವೂ ಒಮ್ಮೆಲೇ ಸತ್ತವೋ, ಒಂದೇ ಸತ್ತಿತೋ? ಒಂದೇ ಸತ್ತಿದ್ದರೆ ಆ ಪೆಟ್ಟಿಗೆಯ ಕರೆಂಟು, ಅದರ ಸ್ಕ್ರೂ, ಅದರ ನಂಬರು ಇಷ್ಟನ್ನೇ ನೋಡಿ. ಸೋಲಾರ್ ಬ್ಯಾಟರಿ ಹಳೆಯದಾದರೆ ಬೆಳಗಿನ ಜಾವ ಸತ್ತು ಬಿಸಿಲೇರಿದ ಮೇಲೆ ಏಳುತ್ತದೆ, ಇದನ್ನು ತಂತಿಯ ದೋಷವೆಂದು ತಿಳಿದು ಮೋಸಹೋದವರಿದ್ದಾರೆ. ಎಲ್ಲವೂ ಒಟ್ಟಿಗೆ ಸತ್ತಿದ್ದರೆ ಮುಖ್ಯ ತಂತಿ, ಪ್ಯಾನೆಲಿನ ಟರ್ಮಿನಲ್, ಇಲ್ಲವೆ ಒಂದು ಪೆಟ್ಟಿಗೆ ಸುಟ್ಟು ಉಳಿದವರ ಬಾಯನ್ನೂ ಕಟ್ಟಿರುವುದು. ಸಿಡಿಲಿನ ನಂತರ ಈ ಕೊನೆಯದು ಬಹಳ. ಒಂದೊಂದಾಗಿ ಪೆಟ್ಟಿಗೆಗಳನ್ನು ಲೈನಿನಿಂದ ಬಿಡಿಸುತ್ತಾ ಹೋಗಿ, ಯಾವುದನ್ನು ಬಿಡಿಸಿದಾಗ ಉಳಿದವು ಮಾತಾಡತೊಡಗುತ್ತವೆಯೋ ಅದೇ ಅಪರಾಧಿ.

ಹೊಸದೊಂದನ್ನು ಸೇರಿಸಿದ ದಿನದಿಂದ ತೊಂದರೆ ಶುರುವಾಯಿತೋ? ಹಾಗಿದ್ದರೆ ಎರಡಕ್ಕೆ ಒಂದೇ ನಂಬರು ಇರಬಹುದು. ಹಲವು ಪೆಟ್ಟಿಗೆಗಳು ಅಂಗಡಿಯಿಂದ ಬರುವಾಗಲೇ 1ನೇ ನಂಬರಿನವು. ಕರೆದಾಗ ಇಬ್ಬರೂ ಒಟ್ಟಿಗೆ ಓ ಎಂದರೆ ಯಾರ ಮಾತೂ ಕೇಳದು. ವೇಗ ಹೊಂದದಿರುವುದೂ ಉಂಟು. ಪ್ಯಾನೆಲ್ 9600ರಲ್ಲಿ ಮಾತಾಡಿ ಪೆಟ್ಟಿಗೆ 19200ರಲ್ಲಿದ್ದರೆ ಪರಸ್ಪರ ತಿಳಿಯದು. ಪ್ಯಾರಿಟಿ ಎಂಬ ಇನ್ನೊಂದು ಹೊಂದಾಣಿಕೆಯೂ ಎರಡು ಕಡೆ ಒಂದೇ ಇರಬೇಕು. ಇವು ಕೆಟ್ಟಿದ್ದರೆ ಒಂದು ಬಾರಿಯೂ ಉತ್ತರ ಬಾರದು ಎಂಬುದನ್ನು ಗಮನಿಸಿ. ಮೂರು ವರ್ಷ ಚೆನ್ನಾಗಿ ನಡೆದ ಲೈನಿನಲ್ಲಿ ಯಾರೂ ಮುಟ್ಟದೆ ವೇಗ ತಾನಾಗಿ ಬದಲಾಗುವುದಿಲ್ಲ. ಬಂದವರು ಮೊದಲ ಹೆಜ್ಜೆಗೇ ಇದನ್ನೆಲ್ಲ ಒತ್ತಿ ಬದಲಿಸಲು ಹೊರಟರೆ ತಡೆಯಿರಿ, ಕಡೇಪಕ್ಷ ಹಳೆಯ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಇದ್ದ ಒಂದು ದೋಷದ ಜೊತೆ ಇನ್ನೆರಡು ಸೇರುವುದು ಹೀಗೆಯೇ.

ಕೆಲವು ಪ್ಯಾನೆಲುಗಳು ಮೌನಕ್ಕೆ ಬೇರೆ, ತಪ್ಪು ಪ್ರಶ್ನೆಗೆ ಬೇರೆ ಸಂದೇಶ ತೋರಿಸುತ್ತವೆ. ‘ಟೈಮ್ ಔಟ್’ ಎಂದರೆ ಉತ್ತರವೇ ಬರಲಿಲ್ಲ. ‘ಎಕ್ಸೆಪ್ಶನ್’ ಅಥವಾ ‘ಇಲ್ಲೀಗಲ್ ಅಡ್ರೆಸ್’ ಎಂದರೆ ಉತ್ತರ ಬಂದಿದೆ, ಆದರೆ ಪೆಟ್ಟಿಗೆ "ನೀನು ಕೇಳಿದ ವಿಷಯ ನನ್ನಲ್ಲಿಲ್ಲ" ಎನ್ನುತ್ತಿದೆ. ಆಗ ತಂತಿ ನೆಟ್ಟಗಿದೆ ಎಂದೇ ಅರ್ಥ. ಬೇರೆ ಕಂಪೆನಿಯ ಮೀಟರ್ ಹಾಕಿದಾಗ ಹೀಗಾಗುತ್ತದೆ, ಅದನ್ನು ಪ್ಯಾನೆಲಿನಲ್ಲಿ ಸರಿಪಡಿಸಬೇಕು. ಸಂದೇಶವಿಲ್ಲದ ಪ್ಯಾನೆಲುಗಳಲ್ಲಿಯೂ ಸಾಮಾನ್ಯವಾಗಿ ಎರಡು ಪುಟ್ಟ ದೀಪಗಳಿರುತ್ತವೆ, ಟಿಎಕ್ಸ್ ಮತ್ತು ಆರ್‌ಎಕ್ಸ್. ಮೊದಲನೆಯದು ಮಿನುಗುತ್ತಿದ್ದು ಎರಡನೆಯದು ಕತ್ತಲಾಗಿದ್ದರೆ ಪ್ಯಾನೆಲ್ ಕೂಗುತ್ತಿದೆ, ಆಚೆಯಿಂದ ಓಗೊಡುವವರಿಲ್ಲ.

ಬಂದು ಹೋಗುವ ದೋಷವೇ ಎಲ್ಲಕ್ಕಿಂತ ಕಷ್ಟದ್ದು. ಅದಕ್ಕೆ ಪುಸ್ತಕ ಬೇಕು. ಲೈನು ಸತ್ತ ಗಂಟೆ, ಎದ್ದ ಗಂಟೆ, ಆಗ ಮೋಟಾರು ನಡೆಯುತ್ತಿತ್ತೇ, ಮಳೆ ಬಂದಿತ್ತೇ, ಬಿಸಿಲೇ, ನೀರು ಯಾವ ಪಟ್ಟಿಗೆ ಹೋಗಿತ್ತು ಇಷ್ಟನ್ನು ಒಂದು ವಾರ ಬರೆಯಿರಿ. ನಮ್ಮ ಮನೆಯ ಕ್ಯಾಲೆಂಡರ್ ಮಾಡಿದ ಕೆಲಸವನ್ನು ಪೇಟೆಯಿಂದ ಅರ್ಧ ಗಂಟೆಗೆ ಬಂದು ಹೋಗುವ ಯಾರೂ ಮಾಡಲಾರರು.

ಮೀಟರ್ ಹಿಡಿದು ನೋಡುವುದು

ಮೊದಲಿಗೆ ಎಚ್ಚರಿಕೆಯ ಮಾತು. ಅದೇ ಪ್ಯಾನೆಲಿನೊಳಗೆ 415 ವೋಲ್ಟಿನ ಮೂರು ಫೇಸೂ ಇದೆ. ಮೈನ್ ಸ್ವಿಚ್ ಇಳಿಸಿ, ಟೆಸ್ಟರಿನಿಂದ ಖಚಿತಪಡಿಸಿಕೊಂಡು, ಒಣ ಕೈಯಲ್ಲಿ, ಒಣ ನೆಲದ ಮೇಲೆ ನಿಂತು ಮಾತ್ರ ಕೆಲಸ ಮಾಡಿ. ಡ್ರೈವ್ ಇದ್ದರೆ ಸ್ವಿಚ್ ಇಳಿಸಿದ ಮೇಲೂ ಅದರೊಳಗೆ ಕೆಲವು ನಿಮಿಷ ಕರೆಂಟು ಉಳಿದಿರುತ್ತದೆ, ಕಾಯಬೇಕು. ಅಭ್ಯಾಸವಿಲ್ಲದವರು ವಯರ್‌ಮನ್ ಬಂದಾಗ ಪಕ್ಕದಲ್ಲಿ ನಿಂತು ಈ ಪರೀಕ್ಷೆಗಳನ್ನು ಮಾಡಿಸಿಕೊಂಡರೆ ಸಾಕು.

ಮೀಟರಿಗೂ ಮೊದಲು ಕಣ್ಣು ಮತ್ತು ಕೈ. ಪ್ರತಿಯೊಂದು ಸ್ಕ್ರೂವಿನಿಂದ ತಂತಿಯನ್ನು ಮೆಲ್ಲಗೆ ಎಳೆದು ನೋಡಿ, ಕೈಗೆ ಬಂದರೆ ಅಲ್ಲಿಯೇ ಅರ್ಧ ದೋಷ ಸಿಕ್ಕಿತು. ಸ್ಕ್ರೂ ತಂತಿಯ ತಾಮ್ರವನ್ನು ಹಿಡಿಯದೆ ಪ್ಲಾಸ್ಟಿಕ್ ಸಿಪ್ಪೆಯನ್ನು ಹಿಡಿದಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ. ಇರುವೆಗಳು ಪ್ಯಾನೆಲಿನ ಬೆಚ್ಚಗಿನ ಜಾಗದಲ್ಲಿ ಗೂಡು ಕಟ್ಟುತ್ತವೆ, ಹಲ್ಲಿ ಟರ್ಮಿನಲಿಗೆ ಅಡ್ಡ ಬಿದ್ದು ಸತ್ತಿರುತ್ತದೆ. ಕೇಬಲ್ ಒಳಬರುವ ತೂತನ್ನು ಮುಚ್ಚದೆ ಬಿಟ್ಟರೆ ಇದೆಲ್ಲ ತಪ್ಪಿದ್ದಲ್ಲ.

ಇನ್ನು ಅಳತೆ. ಈ ಲೈನಿನ ಎರಡು ತುದಿಗಳಲ್ಲಿ ಮಾತ್ರ 120 ಓಮಿನ ಒಂದೊಂದು ರೆಸಿಸ್ಟರ್ ಇರಬೇಕೆಂದು ನಿಯಮ. ಎಲ್ಲ ಕಡೆ ಕರೆಂಟು ತೆಗೆದು, ಎ ಮತ್ತು ಬಿ ತಂತಿಗಳ ನಡುವೆ ಓಮ್ ಅಳೆಯಿರಿ. ಎರಡು 120 ಅಕ್ಕಪಕ್ಕ ಸೇರಿ 60 ಆಗುತ್ತದೆ, ಜೊತೆಗೆ ತಂತಿಯದೇ ಸ್ವಲ್ಪ. ನಮ್ಮ 400 ಮೀಟರ್ ಲೈನಿನಲ್ಲಿ ಸರಿಯಿದ್ದಾಗ 66 ತೋರಿಸುತ್ತದೆ. 120ರ ಹತ್ತಿರ ತೋರಿಸಿದರೆ ತಂತಿ ನಡುವೆ ಎಲ್ಲೋ ತುಂಡಾಗಿದೆ, ಅಥವಾ ಆಚೆ ತುದಿಯ ರೆಸಿಸ್ಟರ್ ಇಲ್ಲ. 40 ತೋರಿಸಿದರೆ ಯಾರೋ ಮೂರನೆಯ ರೆಸಿಸ್ಟರ್ ಸೇರಿಸಿದ್ದಾರೆ. ಸೊನ್ನೆಗೆ ಹತ್ತಿರವಾದರೆ ಎರಡು ತಂತಿ ಒಂದಕ್ಕೊಂದು ತಾಗಿವೆ. ಹಲಸಿನ ಮರದಡಿಯ ಆ ಜಾಯಿಂಟ್ ನೆನೆದಿದ್ದ ದಿನ ನನ್ನ ಮೀಟರ್ 35ರ ಸುತ್ತ ಓಲಾಡುತ್ತಿತ್ತು. ಮೀಟರಿನ ಕೆಂಪು ಕಪ್ಪು ಕಡ್ಡಿಗಳನ್ನು ಅದಲುಬದಲು ಮಾಡಿದರೆ ಅಂಕಿಯೂ ಬದಲಾಗುತ್ತಿತ್ತು. ಒದ್ದೆ ಕಿಲುಬು ತಾನೇ ಒಂದು ಸಣ್ಣ ಬ್ಯಾಟರಿಯಂತೆ ವರ್ತಿಸುವುದರಿಂದ ಹೀಗೆ. ಒಳ್ಳೆಯ ತಂತಿಯಲ್ಲಿ ಹಾಗೆ ಆಗದು. ಈ ಒಂದು ಗುರುತನ್ನು ನೆನಪಿಟ್ಟುಕೊಂಡರೆ ನೆಲದಡಿಯ ಒದ್ದೆ ಜಾಯಿಂಟನ್ನು ಅಗೆಯದೆಯೇ ಊಹಿಸಬಹುದು.

ರೆಸಿಸ್ಟರಿನ ವಿಷಯದಲ್ಲಿ ನನ್ನದೊಂದು ತಕರಾರು ಇದೆ. ಲೈನಿಗೆ ಏನೇ ಆದರೂ ತುದಿಗೆ ರೆಸಿಸ್ಟರ್ ಹಾಕಿ ಎನ್ನುವುದು ಒಂದು ಚಾಳಿಯಾಗಿದೆ. ಅದು ಇರುವುದು ಕಣಿವೆಯಲ್ಲಿ ಕೂಗಿದಾಗ ಮಾತು ತಿರುಗಿ ಬರುವಂತೆ ತಂತಿಯ ತುದಿಯಿಂದ ಪ್ರತಿಧ್ವನಿ ಬಾರದಿರಲೆಂದು. ವೇಗ ಹೆಚ್ಚಿದ್ದರೆ, ತಂತಿ ಉದ್ದವಿದ್ದರೆ ಅದು ಬೇಕೇ ಬೇಕು. 9600ರ ವೇಗದಲ್ಲಿ ಮುನ್ನೂರು ನಾನೂರು ಮೀಟರಿಗೆ ಪ್ರತಿಧ್ವನಿಯ ಬಾಧೆ ಅಷ್ಟಿಲ್ಲ, ಅದಿಲ್ಲದೆಯೇ ವರ್ಷಗಟ್ಟಲೆ ನಡೆದ ಲೈನುಗಳಿವೆ. ಪ್ರತಿ ಪೆಟ್ಟಿಗೆಗೂ ಒಂದೊಂದು ಹಾಕಿದರೆ ಮಾತ್ರ ಭಾರ ತಾಳದೆ ದನಿ ಕುಗ್ಗುತ್ತದೆ. ಎರಡು ತುದಿಗೆ ಹಾಕಿ, ಅಲ್ಲಿಗೆ ನಿಲ್ಲಿಸಿ.

ಕರೆಂಟು ಕೊಟ್ಟ ಮೇಲೆ ಎ ಮತ್ತು ಬಿ ನಡುವೆ ಡಿ.ಸಿ. ವೋಲ್ಟ್ ನೋಡಬಹುದು. ಪ್ರಶ್ನೋತ್ತರ ನಡೆಯುತ್ತಿದ್ದರೆ ಅಂಕಿ ಕುಣಿಯುತ್ತದೆ, ಆ ಕುಣಿತವೇ ಒಳ್ಳೆಯ ಲಕ್ಷಣ. ಯಾರೂ ಮಾತಾಡದಿರುವಾಗಲೂ 0.2 ವೋಲ್ಟಿಗಿಂತ ತುಸು ಹೆಚ್ಚು ಇರಬೇಕು. ಇಲ್ಲವಾದರೆ ಖಾಲಿ ಲೈನಿನ ಗುಜುಗುಜುವನ್ನೇ ಮಾತೆಂದು ತಿಳಿದು ಯಂತ್ರ ಗೊಂದಲಕ್ಕೆ ಬೀಳುತ್ತದೆ. ಕೆಲವು ಪ್ಯಾನೆಲುಗಳಲ್ಲಿ ಇದಕ್ಕೆ ಬಯಾಸ್ ಎಂಬ ಸಣ್ಣ ಸ್ವಿಚ್ ಕೊಟ್ಟಿರುತ್ತಾರೆ.

ಎ, ಬಿ ಅಕ್ಷರಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಒಂದು ಕಂಪೆನಿಯ ಎ ಇನ್ನೊಂದು ಕಂಪೆನಿಯ ಬಿ ಆಗಿರುವುದುಂಟು. ಹೊಸ ಪೆಟ್ಟಿಗೆ ಒಂದು ಮಾತೂ ಆಡದಿದ್ದರೆ ಅದರ ಎರಡು ತಂತಿಯನ್ನು ಅದಲುಬದಲು ಮಾಡಿ ನೋಡಿ. ಇದರಿಂದ ಏನೂ ಸುಡುವುದಿಲ್ಲ.

ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆಗೆ ಮೀಟರೂ ಬೇಡ. ಸತ್ತಿದೆ ಎಂದು ಹೇಳಿದ ಪೆಟ್ಟಿಗೆಯನ್ನು ಅದರ ಬ್ಯಾಟರಿಯ ಸಮೇತ ಬಿಚ್ಚಿ ಪ್ಯಾನೆಲಿನ ಪಕ್ಕಕ್ಕೆ ತನ್ನಿ. ಉದ್ದನೆಯ ಕೇಬಲನ್ನು ಪ್ಯಾನೆಲಿನಿಂದ ಕಳಚಿ, ಒಂದು ಮಾರು ಹೊಸ ತಂತಿಯಿಂದ ಪೆಟ್ಟಿಗೆಯನ್ನು ನೇರ ಜೋಡಿಸಿ. ಮಾತಾಡಿತೆಂದರೆ ಪೆಟ್ಟಿಗೆಯೂ ಪ್ಯಾನೆಲೂ ನಿರ್ದೋಷಿಗಳು, ದೋಷ ಬಿಟ್ಟುಬಂದ ತಂತಿಯಲ್ಲಿದೆ. ಅಂದು ನಾನು ಇಷ್ಟು ಮಾಡಿದ್ದರೆ ಒಂದು ಚೀಲ ಕಾಫಿಯ ಹಣ ಉಳಿಯುತ್ತಿತ್ತು, ಎಕರೆಯ ಹೂವೂ ಉಳಿಯುತ್ತಿತ್ತೇನೋ. ಲೈನಿನಲ್ಲಿ ಐದಾರು ಪೆಟ್ಟಿಗೆಗಳಿದ್ದರೆ ನಡುವಿನಲ್ಲಿ ಕಳಚಿ, ಪ್ಯಾನೆಲಿನ ಕಡೆಯ ಅರ್ಧ ಮಾತಾಡುತ್ತದೆಯೇ ನೋಡಿ. ಆಡಿದರೆ ದೋಷ ಆಚೆಯ ಅರ್ಧದಲ್ಲಿ. ಅದನ್ನು ಪುನಃ ಅರ್ಧ ಮಾಡಿ.

ನಮ್ಮ ತೋಟಗಳಲ್ಲಿ ಹೆಚ್ಚಾಗಿ ಕಾಣುವ ತಪ್ಪುಗಳು

ಹನಿ ನೀರಾವರಿಯ ಪೈಪಿಗೆ ಕವಲು ಒಡೆಯುವುದು ನಮಗೆ ರೂಢಿ. ಅದೇ ರೂಢಿಯಲ್ಲಿ ಈ ತಂತಿಗೂ ಕವಲು ಒಡೆಯುತ್ತೇವೆ. ಇದು ಕವಲಿನ ಲೈನಲ್ಲ, ಸರದ ಲೈನು. ಒಂದು ಪೆಟ್ಟಿಗೆಗೆ ಹೋಗಿ, ಅದೇ ಟರ್ಮಿನಲಿನಿಂದ ಹೊರಟು ಮುಂದಿನದಕ್ಕೆ ಹೋಗಬೇಕು. ತಂತಿ ಸ್ವಲ್ಪ ಹೆಚ್ಚು ಖರ್ಚಾಗುತ್ತದೆ, ಆಗಲಿ. ಒಟ್ಟು ಉದ್ದ ಸುಮಾರು 1200 ಮೀಟರಿನ ಒಳಗಿರಬೇಕು.

ಎರಡನೆಯದು ಮೋಟಾರಿನ ವಯರಿನ ಜೊತೆ ಒಂದೇ ಪೈಪಿನಲ್ಲಿ ಈ ತಂತಿಯನ್ನು ಎಳೆಯುವುದು. ಸಾಮಾನ್ಯ ಸ್ಟಾರ್ಟರಿನೊಂದಿಗೆ ಇದು ಹೇಗೋ ನಡೆದೀತು. ಮೋಟಾರಿನ ವೇಗ ಬದಲಿಸುವ ಡ್ರೈವ್ ಹಾಕಿದ ಮೇಲೆ ನಡೆಯದು. ಡ್ರೈವಿನಿಂದ ಮೋಟಾರಿಗೆ ಹೋಗುವ ವಯರಿನಲ್ಲಿ ಕರೆಂಟು ಸೆಕೆಂಡಿಗೆ ಸಾವಿರಾರು ಬಾರಿ ಕಡಿದು ಕಡಿದು ಹೋಗುತ್ತದೆ, ಆ ಗದ್ದಲ ಪಕ್ಕದ ತಂತಿಗೆ ತಾಗುತ್ತದೆ. ಮೋಟಾರು ಹೊರಟೊಡನೆ ಲೈನು ಸತ್ತು, ನಿಂತೊಡನೆ ಎದ್ದರೆ ಬೇರೆ ಕಾರಣ ಹುಡುಕಬೇಡಿ. ಎರಡಕ್ಕೂ ಬೇರೆ ಬೇರೆ ಪೈಪು, ನಡುವೆ ಒಂದು ಅಡಿಯಾದರೂ ಅಂತರ. ದಾಟಲೇಬೇಕಾದಲ್ಲಿ ಅಡ್ಡಕ್ಕೆ, ಅಂದರೆ ಮೂಲೆಮಟ್ಟಕ್ಕೆ ದಾಟಿಸಿ. ಕೇಬಲಿಗೆ ಶೀಲ್ಡ್ ಎನ್ನುವ ಜಾಲರಿ ಇದ್ದರೆ ಅದನ್ನು ಪ್ಯಾನೆಲಿನ ಕಡೆ ಮಾತ್ರ ಅರ್ತಿಗೆ ಕಟ್ಟಿ. ಎರಡು ತುದಿಗೂ ಕಟ್ಟಿದರೆ ಗುಡ್ಡದ ಅರ್ತಿನಿಂದ ಹೊಳೆಯ ಅರ್ತಿಗೆ ಅದರ ಮೂಲಕವೇ ಕರೆಂಟು ಹರಿಯುವುದುಂಟು.

ಮೂರನೆಯದು ಈ ಅರ್ತಿನದೇ ಸಂಗತಿ. ಟ್ಯಾಂಕಿಯ ಹತ್ತಿರದ ನೆಲ, ಪಂಪ್‌ಶೆಡ್ಡಿನ ನೆಲ ಎರಡೂ ಒಂದೇ ವೋಲ್ಟಿನಲ್ಲಿ ಇರುತ್ತವೆ ಎಂದು ಎಣಿಸಬಾರದು. ಈ ಪದ್ಧತಿಯ ಯಂತ್ರಗಳು ನೆಲದಿಂದ ನೆಲಕ್ಕೆ ಸುಮಾರು 7 ವೋಲ್ಟಿನ ವ್ಯತ್ಯಾಸವನ್ನು ತಾಳಿಕೊಳ್ಳುವಂತೆ ಮಾಡಿದವು, ಅದಕ್ಕಿಂತ ಹೆಚ್ಚಾದರೆ ಕೆಡುತ್ತವೆ. ಆದುದರಿಂದ ಎರಡು ತಂತಿಯ ಜೊತೆ ಕಾಮನ್ ಎಂಬ ಮೂರನೆಯ ತಂತಿಯನ್ನೂ ಎಳೆಯುವುದು ಸರಿಯಾದ ಕ್ರಮ. ಹೊಸದಾಗಿ ಕೇಬಲ್ ಹಾಕಿಸುವವರು ಇದನ್ನು ಕೇಳಿ ಹಾಕಿಸಿ. ಉದ್ದನೆಯ ಲೈನಿಗೆ ಐಸೊಲೇಟರ್ ಎಂಬ ಸಣ್ಣ ಸಾಧನವೂ ಸಿಗುತ್ತದೆ. ಕೇಬಲಿಗಿಂತ ಅದಕ್ಕೆ ಹಣ ಹಾಕುವುದು ಒಮ್ಮೊಮ್ಮೆ ಲಾಭ.

ಏಪ್ರಿಲ್ ಮೇ ತಿಂಗಳ ಸಿಡಿಲಿನ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ದೂರದಲ್ಲಿ ಬಿದ್ದ ಸಿಡಿಲೂ ನೆಲದಡಿಯ ಉದ್ದನೆಯ ತಂತಿಯಲ್ಲಿ ಪೆಟ್ಟೊಂದನ್ನು ಹುಟ್ಟಿಸುತ್ತದೆ. ಎರಡು ತುದಿಗೂ ಸರ್ಜ್ ಪ್ರೊಟೆಕ್ಟರ್ ಇರಲಿ, ಆದರೆ ಅದರ ಅರ್ತ್ ಒಣಗಿದ ಗುಂಡಿಯಾಗಿದ್ದರೆ ಇದ್ದೂ ಇಲ್ಲದಂತೆ. ಬೇಸಗೆಯಲ್ಲಿ ಅರ್ತ್ ಗುಂಡಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಹೊಯ್ಯಿರಿ. ತಂತಿ ಸೇರುವ ಟರ್ಮಿನಲ್ ಎಳೆದರೆ ಬರುವ ಜಾತಿಯದಾದರೆ, ಮಧ್ಯಾಹ್ನ ಮೋಡ ಕಪ್ಪಾಗತೊಡಗಿದೊಡನೆ, ಗುಡುಗು ಹತ್ತಿರ ಬರುವ ಮುನ್ನವೇ, ಎಳೆದಿಡುವುದು ಕಾಸಿಲ್ಲದ ಉಪಾಯ. ಗುಡುಗುತ್ತಿರುವಾಗ ಮಾತ್ರ ಆ ತಂತಿಯನ್ನು ಮುಟ್ಟಲು ಹೋಗಬೇಡಿ.

ಕೊನೆಯದಾಗಿ ನೆಲದಡಿಯ ಜಾಯಿಂಟ್. ಸಾಧ್ಯವಾದಷ್ಟೂ ಬೇಡ. ಮಾಡಲೇಬೇಕಾದರೆ ಎರಡು ತಂತಿಯ ಜಾಯಿಂಟನ್ನು ಒಂದೇ ಎದುರಿಗೆ ತಾರದೆ ನಾಲ್ಕು ಬೆರಳು ಹಿಂದೆಮುಂದೆ ಮಾಡಿ, ಬೆಸುಗೆ ಹಾಕಿ, ಬಿಸಿ ಮಾಡಿದರೆ ಕುಗ್ಗುವ ತೋಳನ್ನು ಒಂದೊಂದಕ್ಕೂ ಬೇರೆಯಾಗಿ ತೊಡಿಸಿ, ರಾಳ ತುಂಬುವ ಜಾಯಿಂಟ್ ಕಿಟ್ಟಿನೊಳಗೆ ಇಡಿ. ಅದಕ್ಕಿಂತಲೂ ಒಳ್ಳೆಯದು ನೆಲದಿಂದ ಎರಡು ಅಡಿ ಮೇಲೆ ಕಲ್ಲುಕಂಬಕ್ಕೆ ಮಳೆ ತಾಗದ ಪೆಟ್ಟಿಗೆ ಹೊಡೆದು ಅದರೊಳಗೆ ಟರ್ಮಿನಲಿನಲ್ಲಿ ಸೇರಿಸುವುದು. ಮುಂದೆ ಲೈನನ್ನು ಅರ್ಧ ಮಾಡಿ ಪರೀಕ್ಷಿಸಲೂ ಅದು ಅನುಕೂಲ. ನಾನು ಹಲಸಿನ ಮರದ ಹತ್ತಿರ ಹಾಗೆಯೇ ಮಾಡಿದ್ದೇನೆ.

ಪ್ಯಾನೆಲಿನ ಬಾಗಿಲ ಒಳಬದಿಗೆ ಒಂದು ಕಾಗದ ಅಂಟಿಸಿ, ಪ್ರತಿ ಪೆಟ್ಟಿಗೆಯ ನಂಬರು, ವೇಗ, ಪ್ಯಾರಿಟಿ, ಯಾವ ಬಣ್ಣದ ತಂತಿ ಎ, ಯಾವುದು ಬಿ, ಲೈನು ಚೆನ್ನಾಗಿದ್ದ ದಿನದ ಓಮ್, ಜಾಯಿಂಟ್ ಇರುವ ಜಾಗ ಎಲ್ಲ ಬರೆದಿಡಿ. ಕೂಡುಪಂಪಿನವರು ಇನ್ನೊಂದು ಏರ್ಪಾಡು ಮಾಡಿಕೊಳ್ಳಬೇಕು. ಲೈನು ಸತ್ತ ರಾತ್ರಿ ಮೋಟಾರನ್ನು ಕೈಯಿಂದ ನಡೆಸುವ ಸ್ವಿಚ್ ಯಾವುದೆಂದು ಮೂರು ಮನೆಯವರಿಗೂ ಗೊತ್ತಿರಲಿ, ಹಾಗೆ ನಡೆಸುವಾಗ ಟ್ಯಾಂಕಿಯ ಬಳಿ ಒಬ್ಬರು ಫೋನು ಹಿಡಿದು ಕೂತಿರಲಿ. ನಮ್ಮಲ್ಲಿ ಆ ಸ್ವಿಚ್ ಇತ್ತು. ಎರಡು ವಾರ ಪೇಟೆಯ ಕಡೆಯೇ ನೋಡುತ್ತಾ ಕೂತ ನಮಗೆ ಅದು ನೆನಪಾಗಲಿಲ್ಲ.